ಒಂದೇ ಕ್ಯಾನ್ ಅಸಿಟಿಕ್ ಅನ್‌ಹೈಡ್ರೈಡ್‌ಗೂ ನೋಂದಣಿ ಬೇಕೇ?

ಪ್ರಶ್ನೆ: ಹುಮನಾಬಾದ್‌ನಲ್ಲಿ ನನ್ನದು ರಾಸಾಯನಿಕಗಳ ಸಣ್ಣ ವ್ಯಾಪಾರ. ಪರಿಚಯದ ಕಾರ್ಖಾನೆಯಲ್ಲಿ ಉಳಿದಿರುವ ಒಂದು ಕ್ಯಾನ್ ಅಸಿಟಿಕ್ ಅನ್‌ಹೈಡ್ರೈಡ್ ಕೊಂಡು ಮಾರಬಹುದೇ? ಪ್ರಮಾಣ ಕಡಿಮೆಯಿದ್ದರೆ ಕೇಸ್ ಆಗುವುದಿಲ್ಲ ಎನ್ನುತ್ತಾರೆ.

ಉತ್ತರ: ನೋಂದಣಿಯಿಲ್ಲದೆ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ. ಕೊಳಾರ, ಹುಮನಾಬಾದ್, ಕಡೇಚೂರು ಕೈಗಾರಿಕಾ ಪ್ರದೇಶಗಳ ಕಡೆಯಿಂದ ಇದೇ ಪ್ರಶ್ನೆ ವೇಷ ಬದಲಿಸಿ ಬರುತ್ತಲೇ ಇರುವುದರಿಂದ ಈ ಸಲ ಬಿಡಿಸಿ ಹೇಳುತ್ತೇನೆ. ಮಾದಕ ದ್ರವ್ಯಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 9ಎ ಕಲಮಿನ ಅಡಿಯಲ್ಲಿ ಕೇಂದ್ರ ಸರ್ಕಾರವು 2013ರಲ್ಲಿ ಹೊರಡಿಸಿದ ನಿಯಂತ್ರಿತ ವಸ್ತುಗಳ (ಅಂದರೆ ಮಾದಕ ದ್ರವ್ಯ ತಯಾರಿಕೆಗೆ ಬಳಕೆಯಾಗಬಲ್ಲ ರಾಸಾಯನಿಕಗಳ) ಆದೇಶದಲ್ಲಿ, ಎಫೆಡ್ರಿನ್, ಸ್ಯೂಡೋಎಫೆಡ್ರಿನ್‌ಗಳಿರುವ ಎ ಅನುಸೂಚಿಯಲ್ಲೇ ಈ ದ್ರವವೂ ಇದೆ. ವ್ಯವಹರಿಸುವವರು ಕೇಂದ್ರದ ಮಾದಕ ವಸ್ತು ನಿಯಂತ್ರಣ ಬ್ಯೂರೋದಲ್ಲಿ (ಎನ್‌ಸಿಬಿ) ನೋಂದಾಯಿಸಿಕೊಂಡು, ದಾಸ್ತಾನಿನ ಲೆಕ್ಕವಿಟ್ಟು, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು.

ಇನ್ನು ಆ 'ಪ್ರಮಾಣ ಕಡಿಮೆ' ಎಂಬ ಮಾತು. ಎಷ್ಟು ಸಲ ಅಲ್ಲಗಳೆದರೂ ಇದು ಸಾಯುವುದಿಲ್ಲ. ಗಾಂಜಾಕ್ಕೆ ಒಂದು ಕಿಲೋ, ಹೆರಾಯಿನ್‌ಗೆ 5 ಗ್ರಾಂ ಎಂಬ ಅಲ್ಪ ಪ್ರಮಾಣದ ಮಿತಿಗಳಿರುವುದು ನಿಜ. ಆದರೆ ಆ ಮಿತಿಯೊಳಗಿದ್ದರೂ ಅಪರಾಧ ಅಪರಾಧವೇ, ಶಿಕ್ಷೆ ಮಾತ್ರ ಕಡಿಮೆ. ಮೇಲಾಗಿ, ಕಾಯ್ದೆಯ ವ್ಯಾಖ್ಯಾನದಂತೆ 'ಅಲ್ಪ ಪ್ರಮಾಣ'ವೆಂಬುದು ಮಾದಕ ದ್ರವ್ಯಗಳಿಗೂ ಮನೋಪ್ರಭಾವಿ ಪದಾರ್ಥಗಳಿಗೂ ಸಂಬಂಧಿಸಿದ್ದೇ ಹೊರತು ನಿಯಂತ್ರಿತ ವಸ್ತುಗಳಿಗಲ್ಲ. 9ಎ ಅಡಿಯ ಆದೇಶವನ್ನು ಮೀರಿದವರಿಗೆ ಅನ್ವಯಿಸುವ 25ಎ ಕಲಮನ್ನು ಒಮ್ಮೆ ಓದಿ ನೋಡಿ: ಹತ್ತು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಕಾರಣ ದಾಖಲಿಸಿ ನ್ಯಾಯಾಲಯ ಅದಕ್ಕೂ ಹೆಚ್ಚಿನ ದಂಡ ಹಾಕಬಹುದು. ಅಲ್ಲಿ ಗ್ರಾಂ, ಲೀಟರ್‌ಗಳ ಮೆಟ್ಟಿಲುಗಳೇ ಇಲ್ಲ. ಕ್ಯಾನ್ ಒಂದೇ ಎಂಬುದು ಶಿಕ್ಷೆ ನಿಗದಿಯ ವೇಳೆ ವಕೀಲರು ಆಡಬಹುದಾದ ಮಾತು, ಅದು ಪರವಾನಗಿಯಲ್ಲ. ಮಾರುವ ಕಾರ್ಖಾನೆಗೆ ನೋಂದಣಿಯಿದ್ದರೂ ಅದು ನಿಮ್ಮ ನೋಂದಣಿಯಾಗುವುದಿಲ್ಲ.

ಆಸ್ಪಿರಿನ್ ತಯಾರಿಕೆಗೆ ಬೇಕಾದ ವಸ್ತುವಿಗೆ ಇಷ್ಟೊಂದು ಕಾವಲೇಕೆ ಎಂದರೆ, ಹೆರಾಯಿನ್ ತಯಾರಿಸುವವರಿಗೂ ಬೇಕಾದದ್ದು ಇದೇ. 1988ರ ವಿಶ್ವಸಂಸ್ಥೆಯ ಒಪ್ಪಂದವೂ ಇದನ್ನು ಪಟ್ಟಿಗೆ ಸೇರಿಸಿದೆ.

ಯಾರೂ ಕೇಳದ ಇನ್ನೊಂದು ವಿಷಯ. ನೀರು ತಗುಲಿದರೆ ಅನ್‌ಹೈಡ್ರೈಡ್ ಅಸಿಟಿಕ್ ಆಮ್ಲವಾಗುವುದರಿಂದ ಎರಡಕ್ಕೂ ಮೂಗಿಗೆ ಅಡರುವ ಹುಳಿ ವಾಸನೆಯಿದೆ, ಗೋದಾಮಿನಲ್ಲಿ ಎರಡನ್ನೂ 'ಅಸಿಟಿಕ್' ಎಂದೇ ಕರೆಯುತ್ತಾರೆ. ಆದರೆ ಅಸಿಟಿಕ್ ಆಮ್ಲ ಈ ಎ ಅನುಸೂಚಿಯಲ್ಲಿಲ್ಲ. ವಾಸನೆ ನೋಡಿ ತೀರ್ಮಾನಿಸದೆ ಲೇಬಲ್ಲಿನ ಸಿಎಎಸ್ ಸಂಖ್ಯೆ, ಅಂದರೆ ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ, ನೋಡಿ: 64-19-7 ಎಂದಿದ್ದರೆ ಆಮ್ಲ, 108-24-7 ಎಂದಿದ್ದರೆ ಅನ್‌ಹೈಡ್ರೈಡ್.