ಪದ ಪರಿಚಯ: ಮುಂಜಾಗ್ರತಾ ಬಂಧನ

ಮುಖ್ಯಮಂತ್ರಿ ಹುಬ್ಬಳ್ಳಿಗೆ ಬರುವ ದಿನ ಕಪ್ಪು ಬಾವುಟ ಹಿಡಿಯಲು ಹೊರಟವರು ಚನ್ನಮ್ಮ ವೃತ್ತ ಮುಟ್ಟುವ ಮೊದಲೇ ಪೊಲೀಸ್ ವ್ಯಾನ್ ಹತ್ತಿರುತ್ತಾರೆ. ಮರುದಿನ ಪೇಪರಿನಲ್ಲಿ ಒಂದು ಸಾಲು: ‘ಮುಂಜಾಗ್ರತಾ ಕ್ರಮವಾಗಿ ವಶಕ್ಕೆ ಪಡೆದು ಸಂಜೆ ಬಿಡುಗಡೆ ಮಾಡಲಾಯಿತು.’ ಓಣಿಯವರು ಇದನ್ನು ‘ಎತ್ತಾಕ್ಕೊಂಡು ಹೋಗ್ಯಾರ’ ಅಂತಾರೆ. ಇಬ್ಬರೂ ಯಾವ ಕಲಂ ಎಂದು ಹೇಳುವುದಿಲ್ಲ. ಗೊತ್ತಾಗಬೇಕಾದದ್ದು ಅದೊಂದೇ, ಯಾಕೆಂದರೆ ಇದೇ ಮಾತಿನಡಿ ಒಂದು ದಿನದ ಕಿರಿಕಿರಿಯೂ ಬರುತ್ತದೆ, ಒಂದು ವರ್ಷದ ಜೈಲೂ ಬರುತ್ತದೆ.

ಅಪರಾಧ ನಡೆದ ಮೇಲೆ ಹಿಡಿಯುವುದು ಸಾದಾ ಬಂಧನ. ನಡೆದೀತು ಎಂಬ ಅಂದಾಜಿನ ಮೇಲೆ ಹಿಡಿಯುವುದು ಮುಂಜಾಗ್ರತಾ ಬಂಧನ. ಕಾನೂನಿನ ಕಣ್ಣಲ್ಲಿ ಇದು ಶಿಕ್ಷೆಯಲ್ಲ. ಶಿಕ್ಷೆಯಲ್ಲವಾದ್ದರಿಂದ ಆರೋಪಪಟ್ಟಿ, ಸಾಕ್ಷಿ, ಪಾಟಿಸವಾಲು ಯಾವುದೂ ಬೇಕಿಲ್ಲ. ಭಿನ್ನಮತದವರ ಮೇಲೆ ಇದರ ಬಳಕೆ ಸಲೀಸಾಗಲು ಕಾರಣವೂ ಇದೇ.

ಇದರಲ್ಲಿ ಮೂರು ಬಗೆ. ಮೊದಲನೆಯದು ಒಂದು ದಿನದ್ದು. ಹಳೆಯ ಸಿಆರ್‌ಪಿಸಿ ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 151, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 170. ಕಾಗ್ನಿಜಬಲ್ ಅಪರಾಧಕ್ಕೆ, ಅಂದರೆ ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧಕ್ಕೆ, ಸಂಚು ನಡೆದಿದೆ ಎಂದು ಪೊಲೀಸರಿಗೆ ತಿಳಿದಿರಬೇಕು, ಹಿಡಿಯದೆ ಅದನ್ನು ತಡೆಯಲು ಬೇರೆ ದಾರಿ ಇರಬಾರದು. ಎರಡೂ ಇದ್ದರಷ್ಟೇ ಬಂಧನ, ಅದೂ 24 ಗಂಟೆಗೆ ಮೀರದಂತೆ. ಶಾಂತವಾಗಿ ಘೋಷಣೆ ಕೂಗುವುದು ಕಾಗ್ನಿಜಬಲ್ ಅಪರಾಧವೇನಲ್ಲ. ಹಾಗಾಗಿ ಈ ಬಂಧನಗಳಲ್ಲಿ ಎಷ್ಟೋ ಮೊದಲ ಮೆಟ್ಟಿಲಲ್ಲೇ ಜಾರುತ್ತವೆ. ಸಂಜೆಗೆ ಬಿಟ್ಟುಬಿಡುವುದರಿಂದ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಅಷ್ಟೇ. ಈಗ ಕಲಂ 172 ಕೂಡ ಸೇರಿದೆ: ಪೊಲೀಸರ ಕಾನೂನುಬದ್ಧ ಸೂಚನೆ ಪಾಲಿಸದವರನ್ನು ಹಿಡಿದಿಟ್ಟು, ಸಣ್ಣ ಪ್ರಕರಣವಾದರೆ 24 ಗಂಟೆಯೊಳಗೆ ಬಿಡಬಹುದು. ‘ಬಂಧಿಸಿಲ್ಲ, ವಶಕ್ಕೆ ತಗೊಂಡೀವಿ’ ಎಂಬ ಮಾತಿಗೆ ತೂಕವಿಲ್ಲ. ಗಡಿಯಾರ ಓಡಲು ಶುರುವಾಗುವುದು ಠಾಣೆಯ ದಾಖಲೆಯಲ್ಲಿ ಬರೆದ ಹೊತ್ತಿನಿಂದಲ್ಲ, ವ್ಯಾನಿನ ಬಾಗಿಲು ಮುಚ್ಚಿದಾಗಿನಿಂದ. ಹತ್ತಿಸಿದ ಸಮಯ, ವ್ಯಾನಿನ ನಂಬರು ಬರೆದಿಟ್ಟುಕೊಳ್ಳುವುದು ಅದಕ್ಕೇ.

ಮನೆ ಬಾಗಿಲಿಗೆ ಪೇದೆಯನ್ನು ಕೂರಿಸಿ ‘ಇವತ್ತು ಹೊರಗ ಬರಬ್ಯಾಡ್ರಿ ಸರ’ ಅನ್ನುವ ಪದ್ಧತಿಯೂ ಉಂಟು. ಕಲಂ 170ರಲ್ಲಿ ಗೃಹಬಂಧನ ಎಂಬ ಮಾತೇ ಇಲ್ಲ. ಈ ಭಾಗದವರಿಗೆ ಅದಕ್ಕೆ ಹಳೆಯ ಪದವಿದೆ, ನಜರಬಂದಿ. ಬ್ರಿಟಿಷ್ ಸರಕಾರ ‘ನರಬಲಿ’ ಕವಿತೆಗಾಗಿ ಬೇಂದ್ರೆಯವರನ್ನು ಹಿಂಡಲಗಾ ಜೈಲಿಗೆ ಹಾಕಿತು, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ನಜರಬಂದಿಯಲ್ಲಿಟ್ಟಿತು.

ಎರಡನೆಯದರಲ್ಲಿ ಜೈಲಿಲ್ಲ, ಮುಚ್ಚಳಿಕೆ ಇದೆ. ಜನರ ಬಾಯಲ್ಲಿ ಇನ್ನೂ ‘107 ಹಾಕ್ಯಾರ’. ಹೊಸ ಸಂಹಿತೆಯಲ್ಲಿ ಕಲಂ 126. ಶಾಂತಿ ಕದಡುವುದಿಲ್ಲ ಎಂದು ಒಂದು ವರ್ಷದವರೆಗೆ ಬರೆದುಕೊಡಬೇಕು. ಗದಗ, ಹಾವೇರಿಯಲ್ಲಿ ಈ ನೋಟಿಸು ತಹಶೀಲ್ದಾರರಿಂದ, ಅಂದರೆ ತಾಲೂಕು ದಂಡಾಧಿಕಾರಿಗಳಿಂದ ಬರುತ್ತದೆ. ಹುಬ್ಬಳ್ಳಿ-ಧಾರವಾಡ ಕಮಿಷನರೇಟ್ ಆದ್ದರಿಂದ ಅಲ್ಲಿ ದಂಡಾಧಿಕಾರಿಯ ಅಧಿಕಾರ ಪೊಲೀಸ್ ಅಧಿಕಾರಿಗಳ ಕೈಯಲ್ಲೇ ಇರುತ್ತದೆ. ವರದಿ ಕೊಡುವ ಇಲಾಖೆಯೂ ತೀರ್ಮಾನಿಸುವ ಇಲಾಖೆಯೂ ಒಂದೇ. ಕಾನೂನುಬದ್ಧವೇ ಇರಬಹುದು, ನ್ಯಾಯದ ಹದ ಮಾತ್ರ ತಪ್ಪಿದೆ.

ನೋಟಿಸು ಕೈಗೆ ಬಂದಾಗ ನಾಲ್ಕು ಸಂಗತಿ ಹುಡುಕಬೇಕು: ಬಂದ ಮಾಹಿತಿಯ ಸಾರ, ಮುಚ್ಚಳಿಕೆಯ ಮೊತ್ತ, ಅದರ ಅವಧಿ, ಜಾಮೀನುದಾರರ ಸಂಖ್ಯೆ. ಕಲಂ 130 ಇವನ್ನು ಬರೆಯಲೇಬೇಕೆನ್ನುತ್ತದೆ. ಕೊನೆಯ ಮೂರು ಸಾಮಾನ್ಯವಾಗಿ ಇರುತ್ತವೆ. ಕೈಕೊಡುವುದು ಮೊದಲನೆಯದು. ‘ಸದರಿಯವರು ಸಾರ್ವಜನಿಕ ಶಾಂತಿಗೆ ಭಂಗ ತರುವ ಸಂಭವವಿರುತ್ತದೆ’ ಎಂಬ ಅಚ್ಚಿನ ಸಾಲು, ಖಾಲಿ ಜಾಗದಲ್ಲಿ ಹೆಸರು. ಯಾವ ದಿನ, ಎಲ್ಲಿ, ಏನು ಮಾಡಿದ್ದಕ್ಕೆ ಎಂಬುದಿಲ್ಲದಿದ್ದರೆ ಅದು ಸಾರವಲ್ಲ. ಲಿಖಿತ ಉತ್ತರದಲ್ಲಿ ಮೊದಲು ಎತ್ತಬೇಕಾದ ತಕರಾರು ಅದು. ವಿಚಾರಣೆ ಶುರುವಾಗುವ ಮೊದಲೇ ಮಧ್ಯಂತರ ಮುಚ್ಚಳಿಕೆ ಕೇಳುವಂತಿಲ್ಲ ಎಂದು ಸಮಾಜವಾದಿ ನಾಯಕ ಮಧು ಲಿಮಯೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1970ರಲ್ಲೇ ಹೇಳಿದೆ. ವಿಚಾರಣೆ ಆರು ತಿಂಗಳೊಳಗೆ ಮುಗಿಯದಿದ್ದರೆ, ವಿಶೇಷ ಕಾರಣ ಬರೆದು ಮುಂದುವರಿಸದ ಹೊರತು, ತಾನಾಗಿ ಬಿದ್ದುಹೋಗುತ್ತದೆ. ಆದರೆ ನಡೆಯುವುದೇನು? ‘ಒಂದು ಸಹಿ ಮಾಡಿ ಹೋಗ್ರಿ’ ಅಂದರೆ ಸಹಿ ಮಾಡಿ ಬರುತ್ತಾರೆ. ವರ್ಷದೊಳಗೆ ಇನ್ನೊಂದು ಧರಣಿಗೆ ಕೂತರೆ ‘ಮುಚ್ಚಳಿಕೆ ಮುರಿದೀರಿ’ ಎಂದು ಹಣ ಜಪ್ತಿಯ ನೋಟಿಸು ಬರುತ್ತದೆ. ಹೊಲದ ಉತಾರ ಕೊಟ್ಟು ಜಾಮೀನು ನಿಂತ ಸೋದರಮಾವನಿಗೂ ಬರುತ್ತದೆ.

ಮೂರನೆಯದೇ ನಿಜವಾದ ಮುಂಜಾಗ್ರತಾ ಸ್ಥಾನಬದ್ಧತೆ, ಅಂದರೆ ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಜೈಲಿನಲ್ಲಿಡುವುದು. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ, ಕರ್ನಾಟಕದ 1985ರ ಗೂಂಡಾ ಕಾಯ್ದೆ, ಎರಡರಲ್ಲೂ ಗರಿಷ್ಠ 12 ತಿಂಗಳು. ಆದೇಶ ಹೊರಡಿಸುವವರು ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್. 12 ದಿನದೊಳಗೆ ಸರಕಾರ ಒಪ್ಪದಿದ್ದರೆ ಅದು ಸತ್ತಂತೆ. ಗೂಂಡಾ ಕಾಯ್ದೆ ಹೋರಾಟಗಾರರಿಗೆ ತಾಕುವುದಿಲ್ಲ ಅಂದುಕೊಳ್ಳಬಾರದು. ಅಕ್ರಮ ಕೂಟ, ದೊಂಬಿಯಂಥ ಅಪರಾಧಗಳನ್ನು ಮತ್ತೆ ಮತ್ತೆ ಮಾಡುವವರೂ ಅದರ ವ್ಯಾಖ್ಯೆಯೊಳಗೆ ಬರುತ್ತಾರೆ. ನವಲಗುಂದ, ನರಗುಂದದ ಕಡೆ ನೀರಿನ ಹೋರಾಟದಲ್ಲಿ ಮೈಮೇಲೆ ಬಿದ್ದ ಕೇಸುಗಳನ್ನು ‘ಹಳೇವು, ಇರಲಿ ಬಿಡ್ರಿ’ ಎಂದು ತಾರೀಖಿಗೆ ಹೋಗದೆ ಬಿಡುವುದು ಅದಕ್ಕೇ ಒಳ್ಳೆಯದಲ್ಲ.

ಸಂವಿಧಾನದ 22ನೇ ವಿಧಿಯ 3ನೇ ಉಪವಿಧಿ ಇಂಥವರಿಗೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ, ವಕೀಲರನ್ನಿಡುವ ಹಕ್ಕನ್ನು ತೆಗೆದುಹಾಕುತ್ತದೆ. ಬದಲಿಗೆ ಸಿಗುವುದು 5ನೇ ಉಪವಿಧಿ: ಕಾರಣ ತಿಳಿಸಬೇಕು, ಮನವಿ ಸಲ್ಲಿಸಲು ಆದಷ್ಟು ಬೇಗ ಅವಕಾಶ ಕೊಡಬೇಕು. ಮೂರು ತಿಂಗಳು ಮೀರಿ ಇಡಬೇಕಾದರೆ, ಹೈಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆಯುಳ್ಳವರ ಸಲಹಾ ಮಂಡಳಿ ಒಪ್ಪಬೇಕು. ಈ ಮೂರು ತಿಂಗಳನ್ನು ಎರಡಕ್ಕೆ ಇಳಿಸಲು 1978ರಲ್ಲಿ 44ನೇ ತಿದ್ದುಪಡಿ ಅಂಗೀಕಾರವಾಯಿತು. ಆ ಭಾಗ ಜಾರಿಯಾಗಲೇ ಇಲ್ಲ. ತುರ್ತು ಪರಿಸ್ಥಿತಿಯಲ್ಲಿ ಮೀಸಾ ಎಂಬ ಆಂತರಿಕ ಭದ್ರತಾ ಕಾಯ್ದೆಯಡಿ ಜೈಲು ಕಂಡವರೇ ಮುಂದೆ ಹಲವು ಸಲ ಅಧಿಕಾರ ಹಿಡಿದರೂ ಆ ಅಧಿಸೂಚನೆ ಹೊರಬೀಳಲಿಲ್ಲ.

ವಾದಕ್ಕೆ ಜಾಗ ಇಷ್ಟು ಕಡಿಮೆ ಇರುವುದರಿಂದ ಆದೇಶಗಳು ಬೀಳುವುದು ಹೆಚ್ಚಾಗಿ ಕಾಗದದ ತಪ್ಪಿನಿಂದ. 1965ರಲ್ಲಿ ಪಟ್ನಾದಲ್ಲಿ ರಾಮಮನೋಹರ ಲೋಹಿಯಾರನ್ನು ಹಿಡಿದ ಆದೇಶದಲ್ಲಿ ‘ಸಾರ್ವಜನಿಕ ಸುವ್ಯವಸ್ಥೆ’ ಎಂದಿರಬೇಕಾದಲ್ಲಿ ‘ಕಾನೂನು ಮತ್ತು ಸುವ್ಯವಸ್ಥೆ’ ಎಂದಿತ್ತು. ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಅಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಒಂದರೊಳಗೊಂದು ಮೂರು ವೃತ್ತ ಎಳೆದರು: ಹೊರಗಿನದು ಕಾನೂನು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ನಡುವೆ ರಾಜ್ಯದ ಭದ್ರತೆ. ಇಬ್ಬರು ಬಡಿದಾಡಿಕೊಂಡರೆ ಹೊರವೃತ್ತ. ಊರಿನ ಬದುಕೇ ಅಸ್ತವ್ಯಸ್ತವಾದರೆ ಒಳಗಿನದು. ಹೊರವೃತ್ತದ ಕಾರಣಕ್ಕೆ ಮಾಡಿದ ಸ್ಥಾನಬದ್ಧತೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಭಾಷೆಯೂ ಹಾಗೆಯೇ. 1962ರ ಹರಿಕಿಸನ್ ಪ್ರಕರಣದಲ್ಲಿ ಇಂಗ್ಲಿಷಿನಲ್ಲಿದ್ದ ಕಾರಣಗಳನ್ನು ಪೊಲೀಸ್ ಅಧಿಕಾರಿ ಬಾಯಿಂದ ಅನುವಾದಿಸಿ ಹೇಳಿದ್ದು ಸಾಲದೆಂದು ಬಂಧನ ರದ್ದಾಯಿತು. ಕನ್ನಡ ಮಾತ್ರ ಬಲ್ಲವರಿಗೆ ಆದೇಶದೊಂದಿಗೆ ಕೊಟ್ಟ ಒಂದೊಂದು ಪುಟದ ಕನ್ನಡ ಪ್ರತಿಯೂ ಇದೆಯೇ, ಝೆರಾಕ್ಸ್ ಓದಲು ಬರುತ್ತದೆಯೇ ಎಂದು ಮೊದಲ ದಿನವೇ ಎಣಿಸಿ ನೋಡಬೇಕು. ಧಾರವಾಡ, ಗದಗ, ಹಾವೇರಿಯವರು ಹೇಬಿಯಸ್ ಕಾರ್ಪಸ್ ಅರ್ಜಿಗೆ, ಅಂದರೆ ಅಕ್ರಮವಾಗಿ ಹಿಡಿದಿಟ್ಟವರನ್ನು ಬಿಡಿಸಿ ಎಂದು ಹೈಕೋರ್ಟಿಗೆ ಹಾಕುವ ಅರ್ಜಿಗೆ, ಬೆಂಗಳೂರಿಗೆ ಹೋಗಬೇಕಿಲ್ಲ. 2008ರಿಂದ ಧಾರವಾಡದಲ್ಲೇ ಹೈಕೋರ್ಟ್ ಪೀಠವಿದೆ. ಅದಕ್ಕೂ ಮೊದಲು ಜೈಲು ಸೂಪರಿಂಟೆಂಡೆಂಟರ ಮೂಲಕ ಸರಕಾರಕ್ಕೆ ಮನವಿ ಕಳಿಸಿ, ದಿನಾಂಕ ಹಾಕಿದ ಸ್ವೀಕೃತಿ ಇಸಿದುಕೊಳ್ಳಬೇಕು. ಮನವಿ ಎಷ್ಟು ದಿನ ಯಾವ ಮೇಜಿನ ಮೇಲೆ ಬಿದ್ದಿತ್ತು ಎಂದು ಕೋರ್ಟ್ ಕೇಳುತ್ತದೆ, ಆಗ ಲೆಕ್ಕಕ್ಕೆ ಬರುವುದು ಆ ಚೀಟಿ.