‘ಡಾಕ್ಟರ್ ಚೀಟಿ’ ಅಂದರೆ ಯಾವ ಚೀಟಿ?

ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ಈ ಸಾಲು ಮತ್ತೆ ಮತ್ತೆ ಕಾಣುತ್ತದೆ. ‘ಆಕ್ಸಿಜನ್ ಮಷೀನ್ ಬಾಡಿಗೆಗೆ ಬೇಕಾಗಿದೆ, ಡಾಕ್ಟರ್ ಚೀಟಿ ಇದೆ.’ ಕೆಳಗೆ ಒಂದು ಫೋಟೊ. ದೊಡ್ಡದು ಮಾಡಿ ನೋಡಿದರೆ ಅದು ಓಪಿಡಿ ಚೀಟಿ. ಹೆಸರು, ವಯಸ್ಸು, ಯಾವ ಕೋಣೆಗೆ ಹೋಗಬೇಕು ಅಂತ ಇದೆ, ಅಷ್ಟೆ. ಇನ್ನೊಬ್ಬರು ಡಿಸ್ಚಾರ್ಜ್ ಸಮರಿ ಹಾಕುತ್ತಾರೆ, ಅದೂ ಮೊದಲ ಪುಟ ಮಾತ್ರ. ಮತ್ತೊಬ್ಬರು ಆಸ್ಪತ್ರೆ ಬಿಲ್ಲು. ಮೊನ್ನೆ ಒಬ್ಬರು ‘ಇವರಿಗೆ ಎರಡು ವಾರ ವಿಶ್ರಾಂತಿ ಬೇಕು’ ಅಂತ ಇದ್ದ ಮೆಡಿಕಲ್ ಸರ್ಟಿಫಿಕೇಟ್ ಹಾಕಿ, ‘ಚೀಟಿ ಕೊಟ್ಟರೂ ಅಂಗಡಿಯವರು ಮಷೀನ್ ಕೊಡ್ತಿಲ್ಲ’ ಅಂತ ಬೈದಿದ್ದರು. ಅಂಗಡಿಯವರದು ಏನು ತಪ್ಪು ಹೇಳಿ?

ಚೀಟಿ ಅನ್ನುವ ಪದದ ಮೇಲೆ ನನಗೇನೂ ಸಿಟ್ಟಿಲ್ಲ. ಒಳ್ಳೆ ಪದ, ಓಡಾಡಿದ ಪದ. ಹಿಂದಿಯ ಚಿಟ್ಠಿಯ ನಂಟು ಅದಕ್ಕೆ. ಇಂಗ್ಲಿಷಿನವರು ಇಲ್ಲಿದ್ದಾಗ ಅದನ್ನೇ ಎತ್ತಿಕೊಂಡು ಹೋಗಿ ಮೊಟಕು ಮಾಡಿ ‘ಚಿಟ್’ ಅಂದರು. ನಮ್ಮಲ್ಲಿ ರೇಷನ್ನಿಗೂ ಚೀಟಿ, ವೋಟಿಗೂ ಚೀಟಿ, ತಿಂಗಳು ತಿಂಗಳು ದುಡ್ಡು ಕಟ್ಟಿ ಕೊನೆಗೆ ಎತ್ತುವುದೂ ಚೀಟಿಯೇ. ಆದರೆ ಈ ಪದ ಕಾಗದದ ಅಳತೆ ಹೇಳುತ್ತದೆಯೇ ಹೊರತು ಕಾಗದದ ಕೆಲಸ ಹೇಳುವುದಿಲ್ಲ. ಯಾರು ಬರೆದರು, ಯಾರಿಗೆ ಬರೆದರು, ಯಾತಕ್ಕೆ ಬರೆದರು, ಒಂದೂ ಅದರಲ್ಲಿ ಇಲ್ಲ. ಆಸ್ಪತ್ರೆಯಲ್ಲಿ ಮುಖ್ಯವಾಗುವುದು ಈ ಮೂರೇ.

ಮನೆಗೆ ಉಪಕರಣ ತರಲು ಬೇಕಾದದ್ದು ವೈದ್ಯರ ಆರ್ಡರ್. ಪ್ರಿಸ್ಕ್ರಿಪ್ಷನ್ ಅಂದರೂ ಸರಿಯೇ. ಆ ಪದದ ಹೊಟ್ಟೆಯೊಳಗೇ ಉತ್ತರ ಇದೆ. ಲ್ಯಾಟಿನ್ನಿನಲ್ಲಿ ‘ಪ್ರೆ’ ಅಂದರೆ ಮೊದಲು, ‘ಸ್ಕ್ರಿಬೆರೆ’ ಅಂದರೆ ಬರೆಯುವುದು. ಮೊದಲು ಬರೆದದ್ದು. ಔಷಧಿ ಕೈಗೆ ಬರುವ ಮೊದಲು, ಮಷೀನ್ ಮನೆಗೆ ಬರುವ ಮೊದಲು. ಮೇಲ್ಗಡೆ ಮೂಲೆಯಲ್ಲಿ ಆರ್ ಅಕ್ಷರದ ಕಾಲಿಗೆ ಗೆರೆ ಎಳೆದ ಗುರುತು ಇರುತ್ತದಲ್ಲ, ಅದು ಲ್ಯಾಟಿನ್ನಿನ ‘ರೆಸಿಪೆ’. ‘ತಗೋ’ ಅಂತ ಅರ್ಥ. ಅಂದರೆ ಇದು ಅಪ್ಪಣೆ. ಹಿಂದೆ ಏನಾಯಿತು ಅಂತ ವರದಿ ಮಾಡುವ ಕಾಗದ ಅಲ್ಲ, ಮುಂದೆ ಏನು ಆಗಬೇಕು ಅಂತ ಹೇಳುವ ಕಾಗದ.

ಸರ್ಟಿಫಿಕೇಟ್ ಇದಕ್ಕೆ ಪೂರಾ ಉಲ್ಟಾ. ಅದು ಸಾಕ್ಷಿ. ‘ಇವರಿಗೆ ಇಂಥ ಕಾಯಿಲೆ ಇದೆ, ನಾನು ನೋಡಿದ್ದೇನೆ’ ಅಂತ ವೈದ್ಯರು ಮೂರನೆಯವರಿಗೆ ಹೇಳುವ ಮಾತು. ಆಫೀಸಿಗೋ, ಶಾಲೆಗೋ, ಕೋರ್ಟಿಗೋ. ವೈದ್ಯರ ನಡವಳಿಕೆ ಬಗ್ಗೆ 2002ರಲ್ಲಿ ಬಂದ ನಿಯಮಗಳು ಇದನ್ನು ಬೇರೆಯಾಗಿಯೇ ನೋಡುತ್ತವೆ. ಸರ್ಟಿಫಿಕೇಟ್ ಕೊಡುವಾಗ ರೋಗಿಯ ಗುರುತಿನ ಮಚ್ಚೆ ಬರೆಯಬೇಕು, ಒಂದು ಪ್ರತಿ ತಾವು ಇಟ್ಟುಕೊಳ್ಳಬೇಕು, ರಿಜಿಸ್ಟರಿನಲ್ಲಿ ಏರಿಸಬೇಕು. ಮಾತ್ರೆ ಬರೆಯುವಾಗ ನಿಮ್ಮ ಮೊಣಕೈ ಮೇಲಿನ ಮಚ್ಚೆ ಯಾರೂ ಕೇಳುವುದಿಲ್ಲ ಅಲ್ವಾ? ಎರಡೂ ಬೇರೆ ಬೇರೆ ಜಾತಿಯ ಕಾಗದ ಅನ್ನುವುದಕ್ಕೆ ಇದಕ್ಕಿಂತ ಜಾಸ್ತಿ ಏನು ಬೇಕು.

ಇದು ಗೊತ್ತಿಲ್ಲದೆ ಆಗುವ ದೊಡ್ಡ ಅವಾಂತರ ಯಾವುದೆಂದರೆ, ಮೊದಲು ಮಷೀನ್ ತರುವುದು, ಆಮೇಲೆ ಚೀಟಿಗೆ ಓಡುವುದು. ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಷೀನ್ ಮನೆಗೆ ಬಂದು ತಿಂಗಳಾಗಿರುತ್ತದೆ. ಆಫೀಸಿನವರೋ ಇನ್ಶೂರೆನ್ಸಿನವರೋ ಬಿಲ್ಲಿನ ಜೊತೆ ವೈದ್ಯರ ಆರ್ಡರ್ ಕೇಳುತ್ತಾರೆ. ಆಗ ಶುರು. ‘ಸಾರ್, ಒಂದು ಚೀಟಿ ಬರೆದು ಕೊಡ್ರಿ, ಹೋದ ತಿಂಗಳ ತಾರೀಕು ಹಾಕಿಬಿಡ್ರಿ.’ ವೈದ್ಯರು ಆಗಲ್ಲ ಅಂದರೆ ‘ಏನ್ ಸೊಕ್ಕು ನೋಡು’ ಅನ್ನುವುದು. ಸೊಕ್ಕಲ್ಲ ಸ್ವಾಮಿ. ಸುಳ್ಳು ಕಾಗದಕ್ಕೆ ಸಹಿ ಹಾಕುವುದು ಅದೇ 2002ರ ನಿಯಮಗಳ ಪ್ರಕಾರ ವೃತ್ತಿಯ ದುರ್ನಡತೆ, ಅವರ ರಿಜಿಸ್ಟ್ರೇಷನ್ನಿಗೇ ಕುತ್ತು. ಇವತ್ತಿನ ತಾರೀಕು ಹಾಕಿ ‘ಇಂಥ ದಿನದಿಂದ ಬಳಸುತ್ತಿದ್ದಾರೆ, ಮುಂದುವರಿಸಬೇಕು’ ಅಂತ ಬರೆದು ಕೊಡಿ ಅಂದರೆ ಯಾವ ವೈದ್ಯರೂ ಬೇಸರ ಮಾಡಿಕೊಳ್ಳುವುದಿಲ್ಲ. ಅದು ನಿಜವಾದ ಮಾತು, ಬರೆಯಬಹುದು. ಆದರೆ ದುಡ್ಡು ವಾಪಸ್ ಬರುತ್ತದಾ ಅನ್ನುವುದು ಬೇರೆ ಪ್ರಶ್ನೆ. ಬಹಳಷ್ಟು ಆರೋಗ್ಯ ವಿಮೆಗಳಲ್ಲಿ ವಾಕರ್, ಮನೆಯಲ್ಲಿ ಬಳಸುವ ಆಕ್ಸಿಜನ್ ಸಿಲಿಂಡರ್ ಇಂಥವಕ್ಕೆ ದುಡ್ಡು ಕೊಡುವುದಿಲ್ಲ ಅಂತ ಪಟ್ಟಿಯೇ ಇರುತ್ತದೆ. ಮೊದಲು ಪಾಲಿಸಿ ಓದಿ, ಆಮೇಲೆ ವೈದ್ಯರ ಬಾಗಿಲು ತಟ್ಟಿ.

ಈ ‘ಮೊದಲು’ ಅನ್ನುವುದನ್ನು ಅಮೆರಿಕದವರು ಎಷ್ಟು ಗಟ್ಟಿಯಾಗಿ ಹಿಡಿದಿದ್ದಾರೆ ಅಂತ ನಮ್ಮ ಕಡೆಯ ಹುಡುಗರನ್ನೇ ಕೇಳಿ. ಬೆಂಗಳೂರು, ಹೈದರಾಬಾದಿನಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಮಾಡುವವರು ಬೇಕಾದಷ್ಟಿದ್ದಾರೆ. ಅಲ್ಲಿ ವಯಸ್ಸಾದವರಿಗೆ ಮೆಡಿಕೇರ್ ಅಂತ ಸರ್ಕಾರಿ ವಿಮೆ ಇದೆ. ಉಪಕರಣಕ್ಕೆ ದುಡ್ಡು ಬೇಕಾದರೆ ವೈದ್ಯರ ಸಹಿ ಇರುವ ಆರ್ಡರ್ ಇರಲೇಬೇಕು. 2020ರ ಜನವರಿಯಿಂದ ಅದಕ್ಕೆ ಎಲ್ಲ ಉಪಕರಣಕ್ಕೂ ಒಂದೇ ನಮೂನೆ, ‘ಸ್ಟ್ಯಾಂಡರ್ಡ್ ರಿಟನ್ ಆರ್ಡರ್’. ರೋಗಿಯ ಹೆಸರು ಅಥವಾ ವಿಮೆ ನಂಬರು, ಆರ್ಡರಿನ ತಾರೀಕು, ಯಾವ ವಸ್ತು, ಎಷ್ಟು, ವೈದ್ಯರ ಹೆಸರು ಅಥವಾ ಅವರ ನಂಬರು, ಕೊನೆಗೆ ಸಹಿ. ಮೋಟಾರ್ ಗಾಲಿಕುರ್ಚಿಯಂಥ ಕೆಲವಕ್ಕಂತೂ ಆರ್ಡರ್ ಕೈಗೆ ಸಿಗುವ ಮೊದಲೇ ಅಂಗಡಿಯವರು ವಸ್ತು ಕೊಟ್ಟರೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಅಲ್ಲಿ ‘ವೈದ್ಯಕೀಯ ಅಗತ್ಯದ ಸರ್ಟಿಫಿಕೇಟ್’ ಅಂತಲೂ ಒಂದು ಫಾರಂ ಇತ್ತು. 2023ರ ಜನವರಿಯಲ್ಲಿ ಅದನ್ನು ತೆಗೆದೇ ಹಾಕಿದರು. ಸರ್ಟಿಫಿಕೇಟ್ ಹೋಯಿತು, ಆರ್ಡರ್ ಉಳಿಯಿತು.

ಇನ್ನೊಂದು ಮಜಾ ಇದೆ. ವೈದ್ಯರಿಗೆ ಕೈಯಲ್ಲಿ ಬರೆಯಲಾಗದಂಥ ಅಂಗವೈಕಲ್ಯ ಇದ್ದರೆ ಮಾತ್ರ ಮೆಡಿಕೇರ್‌ನವರು ಸಹಿಯ ರಬ್ಬರ್ ಸ್ಟಾಂಪನ್ನು ಒಪ್ಪುತ್ತಾರೆ. ನಮ್ಮಲ್ಲಿ? ಸಹಿ ಇರಲಿ ಬಿಡಲಿ, ದುಂಡನೆಯ ನೀಲಿ ಸೀಲು ಬೇಕು. ಸಿರುಗುಪ್ಪದಿಂದ ಬಸ್ ಹಿಡಿದು ಬಂದವರನ್ನು ‘ಸೀಲ್ ಹಾಕಿಸಿಕೊಂಡು ಬಾ’ ಅಂತ ವಾಪಸ್ ಕಳಿಸುವ ಗುಮಾಸ್ತರು, ಆ ಕಾಗದದಲ್ಲಿ ವೈದ್ಯರ ರಿಜಿಸ್ಟ್ರೇಷನ್ ನಂಬರ್ ಇದೆಯಾ ಅಂತ ನೋಡುವುದೇ ಇಲ್ಲ. ನಿಯಮ ಕೇಳುವುದು ಆ ನಂಬರನ್ನು. ಪ್ರಿಸ್ಕ್ರಿಪ್ಷನ್, ಸರ್ಟಿಫಿಕೇಟ್, ದುಡ್ಡಿನ ರಸೀದಿ, ಎಲ್ಲದರ ಮೇಲೂ ವೈದ್ಯಕೀಯ ಪರಿಷತ್ತು ಕೊಟ್ಟ ನಂಬರ್ ಇರಬೇಕು. ಸೀಲು ಆಸ್ಪತ್ರೆಯದು. ಸಹಿ ಮತ್ತು ನಂಬರು ವೈದ್ಯರದು. ನಾಳೆ ಏನಾದರೂ ಎಡವಟ್ಟಾದರೆ ಉತ್ತರ ಕೊಡಬೇಕಾದವರು ವೈದ್ಯರೇ ಹೊರತು ಸೀಲಲ್ಲ.

ಆರ್ಡರಿನ ಒಳಗೆ ಏನಿರಬೇಕು ಅನ್ನುವುದಕ್ಕೆ ಬರೋಣ. ಆಕ್ಸಿಜನ್ನನ್ನೇ ತಗೊಳ್ಳಿ, ಜಾಸ್ತಿ ಗೊಂದಲ ಇರುವುದು ಇಲ್ಲೇ. ‘5 ಲೀಟರ್ ಮಷೀನ್ ಬರೆದಿದ್ದಾರೆ’ ಅನ್ನುತ್ತಾರೆ. ಕಾಗದ ತೋರಿಸಿ ಅಂದರೆ ‘ಹೋಮ್ ಓ2’ ಅಂತ ಮಾತ್ರ ಇರುತ್ತದೆ. ಬಳ್ಳಾರಿಯ ಜೀನ್ಸ್ ಟೈಲರಿಗೆ ಅಳತೆ ಕೊಡದೆ ‘ಪ್ಯಾಂಟ್’ ಅಂತ ಬರೆದು ಕಳಿಸಿದ ಹಾಗೆ. ಮಷೀನಿನ ಮೇಲಿರುವ 5 ಲೀಟರ್ ಅದರ ಗರಿಷ್ಠ ತಾಕತ್ತು, ನಿಮಿಷಕ್ಕೆ ಅಷ್ಟು ಕೊಡಬಲ್ಲದು ಅಂತ. ರೋಗಿಗೆ ಬೇಕಾದದ್ದು ಒಂದೋ ಎರಡೋ ಲೀಟರ್ ಇರಬಹುದು. ಆರ್ಡರಿನಲ್ಲಿ ಇರಬೇಕಾದದ್ದು ಆ ಎರಡನೆಯ ಸಂಖ್ಯೆ. ನಿಮಿಷಕ್ಕೆ ಎಷ್ಟು, ದಿನಕ್ಕೆ ಎಷ್ಟು ತಾಸು, ಮೂಗಿನ ಕೊಳವೆಯಲ್ಲೋ ಮಾಸ್ಕಿನಲ್ಲೋ, ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕುವ ಮೀಟರಿನಲ್ಲಿ ಎಷ್ಟು ತೋರಿಸಬೇಕು.

ಸುಮ್ನೆ ಜಾಸ್ತಿ ಇಟ್ಟರೆ ಒಳ್ಳೆಯದೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಬೀಡಿ, ಒಲೆಯ ಹೊಗೆಯಲ್ಲಿ ಶ್ವಾಸಕೋಶ ಹಾಳಾದವರಿಗೆ, ಅಂದರೆ ಸಿಓಪಿಡಿ ಇರುವ ಎಷ್ಟೋ ಜನರಿಗೆ, ಆಕ್ಸಿಜನ್ ಅತಿಯಾದರೆ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡು ಮಂಪರು ಹತ್ತುತ್ತದೆ. ಉಸಿರಾಟ ಕೆಟ್ಟಾಗ ಇಂಥವರಿಗೆ ಮೀಟರ್ 88ರಿಂದ 92ರ ನಡುವೆ ಇರಲಿ ಅಂತ ವೈದ್ಯರು ಗುರಿ ಹಾಕುವುದು ಇದಕ್ಕೇ. ಮನೆಯವರು 99 ಬರಲಿ ಅಂತ ಗುಂಡಿ ತಿರುಗಿಸುತ್ತಾರೆ, ಕಾಗದದಲ್ಲಿ ಸಂಖ್ಯೆ ಇಲ್ಲದಿದ್ದರೆ ಅವರನ್ನು ತಡೆಯುವವರು ಯಾರು? ವೈದ್ಯಕೀಯ ಆಕ್ಸಿಜನ್ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಗಾಳಿಯಲ್ಲ, ಔಷಧಿ. ಡೋಸ್ ಇಲ್ಲದ ಔಷಧಿ ಚೀಟಿ ಯಾರಾದರೂ ಬರೆಯುತ್ತಾರಾ?

ಅದರ ಜೊತೆಗೆ ‘ಎಸ್‌ಓಎಸ್’ ಅಂತ ಬರೆದಿದ್ದರೆ ಇನ್ನೊಂದು ರಾಮಾಯಣ. ಮುಳುಗುವ ಹಡಗಿನ ಕೂಗಲ್ಲ ಅದು. ಲ್ಯಾಟಿನ್ನಿನ ‘ಸಿ ಓಪುಸ್ ಸಿಟ್’, ಅಗತ್ಯ ಬಿದ್ದರೆ ಅಂತ. ಯಾವಾಗ ಅಗತ್ಯ ಅನ್ನುವುದನ್ನು ಕೇಳಿ ಬರೆಸಿಕೊಳ್ಳಿ. ‘88ಕ್ಕಿಂತ ಕೆಳಗೆ ಹೋದರೆ’ ಅಂತಲೋ ‘ನಡೆದಾಡುವಾಗ’ ಅಂತಲೋ ಒಂದು ಸಾಲು ಸಾಕು. ಇನ್ನು ಈ ಆಕ್ಸಿಜನ್ ಮಷೀನ್, ಅಂದರೆ ಕಾನ್ಸಂಟ್ರೇಟರ್, ಓಡುವುದು ಕರೆಂಟಿನ ಮೇಲೆ. ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಇರುವವರು ಜೊತೆಗೊಂದು ಸಿಲಿಂಡರ್ ಕೂಡ ಆರ್ಡರಿನಲ್ಲಿ ಸೇರಿಸಿ ಅಂತ ಆವಾಗಲೇ ಹೇಳಿಬಿಡುವುದು ಒಳ್ಳೆಯದು.

ಸಿಪ್ಯಾಪ್, ಬೈಪ್ಯಾಪ್ ಎರಡನ್ನೂ ಅವಳಿ ಜವಳಿ ಅನ್ನುವಂತೆ ಬಳಸುವುದನ್ನೂ ನಿಲ್ಲಿಸಬೇಕು. ಸಿಪ್ಯಾಪ್ ಒಂದೇ ಒತ್ತಡದಲ್ಲಿ ಗಾಳಿ ಕೊಡುತ್ತದೆ. ಬೈಪ್ಯಾಪಿಗೆ ಎರಡು ಒತ್ತಡ, ಉಸಿರು ಎಳೆಯುವಾಗ ಒಂದು, ಬಿಡುವಾಗ ಅದಕ್ಕಿಂತ ಕಡಿಮೆ ಇನ್ನೊಂದು. ಹಾಗಾಗಿ ಆರ್ಡರಿನಲ್ಲಿ ಒಂದಕ್ಕೆ ಒಂದು ಸಂಖ್ಯೆ ಇರುತ್ತದೆ, ಇನ್ನೊಂದಕ್ಕೆ ಎರಡು. ತಾನೇ ಒತ್ತಡ ಹೊಂದಿಸಿಕೊಳ್ಳುವ ಮಾದರಿಯಾದರೆ ಎಲ್ಲಿಂದ ಎಲ್ಲಿವರೆಗೆ ಅಂತ ಇರಬೇಕು. ಬರೀ ‘ಸಿಪ್ಯಾಪ್ ಮಷೀನ್’ ಅಂತ ಇದ್ದರೆ ಒತ್ತಡ ಎಷ್ಟಿಡಬೇಕು ಅಂತ ಅಂಗಡಿಯ ಹುಡುಗನೇ ತೀರ್ಮಾನ ಮಾಡುತ್ತಾನೆ.

ಗಾಲಿಕುರ್ಚಿ, ವಾಕರ್, ಏರ್ ಬೆಡ್ ಇವಕ್ಕೆ ಅಷ್ಟೊಂದು ತಲೆಬಿಸಿ ಇಲ್ಲ. ಸ್ವಂತ ದುಡ್ಡಲ್ಲಿ ಕೊಳ್ಳುವುದಾದರೆ ಯಾರೂ ಕಾಗದ ಕೇಳುವುದಿಲ್ಲ. ಸರ್ಕಾರದಿಂದ ಬೇಕಾದರೆ ಅಲ್ಲಿ ಕೇಳುವ ಕಾಗದವೇ ಬೇರೆ. ಕೇಂದ್ರದ ಎಡಿಪ್ ಯೋಜನೆಯಲ್ಲಿ ಗಾಲಿಕುರ್ಚಿ, ತ್ರಿಚಕ್ರ ಸೈಕಲ್ ಸಿಗಲು 40 ಶೇಕಡಾ ಅಂಗವಿಕಲತೆಯ ಪ್ರಮಾಣಪತ್ರ ಬೇಕು, ಆದಾಯ ಪ್ರಮಾಣಪತ್ರ ಬೇಕು. 60 ದಾಟಿದ ಬಿಪಿಎಲ್ ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಮೂಳೆ ವೈದ್ಯರ ಹತ್ತಿರ ಹೋಗಿ ‘ಗಾಲಿಕುರ್ಚಿಗೆ ಚೀಟಿ ಕೊಡ್ರಿ’ ಅಂದು, ಅದನ್ನು ಹಿಡಿದು ಅಂಗವಿಕಲರ ಇಲಾಖೆಗೆ ಹೋದರೆ ಏನೂ ಆಗುವುದಿಲ್ಲ. ಇಲ್ಲಿ ಬೇಕಾದದ್ದು ಸರ್ಟಿಫಿಕೇಟೇ, ಆರ್ಡರ್ ಅಲ್ಲ. ನೋಡಿ, ಮತ್ತೆ ಅದೇ ಗೊಂದಲ, ಈ ಸಲ ತಿರುವುಮುರುವು.

ಹಾಗಾದರೆ ಕೇಳುವುದು ಹೇಗೆ? ‘ಚೀಟಿ’ ಅನ್ನಬೇಡಿ, ಅಷ್ಟೆ. ‘ಸಾರ್, ಅಪ್ಪನಿಗೆ ಮನೆಯಲ್ಲಿ ಆಕ್ಸಿಜನ್ನಿಗೆ ಆರ್ಡರ್ ಬೇಕಾಗಿತ್ತು. ಎಷ್ಟು ಲೀಟರ್, ಎಷ್ಟು ತಾಸು, ಯಾವ ಕಾಯಿಲೆಗೆ ಅಂತ ಬರೆದು, ಸಹಿ, ತಾರೀಕು, ನಿಮ್ಮ ನಂಬರ್ ಹಾಕಿ ಕೊಡ್ರಿ.’ ಇಷ್ಟು ಹೇಳಿದರೆ ಎದುರಿನವರಿಗೂ ಸಲೀಸು. ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಕೇಳಬೇಡಿ, ಹಿಂದಿನ ದಿನ ರೌಂಡ್ಸಿಗೆ ಬಂದಾಗಲೇ ಕೇಳಿ. ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನೇ ಕೇಳಿ, ನರ್ಸಮ್ಮನನ್ನು ಪೀಡಿಸಬೇಡಿ. ಅವರು ಬರೆದರೆ ನಡೆಯುವುದಿಲ್ಲ. ಡಿಸ್ಚಾರ್ಜ್ ಸಮರಿಯ ಕೊನೆಯ ಪುಟದಲ್ಲೇ ಇದೆಲ್ಲ ವಿವರವಾಗಿ ಬರೆದು ಸಹಿ ಹಾಕಿದ್ದರೆ ಅದೇ ಆರ್ಡರ್, ಇನ್ನೊಂದು ಕಾಗದಕ್ಕೆ ಅಲೆಯಬೇಕಿಲ್ಲ. ಹಳೆ ರಿಪೋರ್ಟ್ ಕಳೆದಿದ್ದರೆ ಆಸ್ಪತ್ರೆಗೆ ಅರ್ಜಿ ಕೊಡಿ. ಕೇಳಿದ 72 ತಾಸಿನೊಳಗೆ ದಾಖಲೆ ಕೊಡಬೇಕು ಅಂತ ಅದೇ 2002ರ ನಿಯಮಗಳಲ್ಲಿದೆ.

ರಾಯಚೂರಿನ ಕಡೆಯವರು ಹೈದರಾಬಾದಿನಲ್ಲಿ ತೋರಿಸಿಕೊಂಡು ಬಂದಿರುತ್ತಾರೆ, ಒಂದು ಸಹಿಗೆ ಮತ್ತೆ ರೈಲು ಹತ್ತಬೇಕಾ ಅಂತ ಕೇಳುತ್ತಾರೆ. ಬೇಕಿಲ್ಲ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ವೈದ್ಯರು ಸಹಿ ಮಾಡಿದ ಪ್ರಿಸ್ಕ್ರಿಪ್ಷನ್ನಿನ ಫೋಟೊ ಅಥವಾ ಸ್ಕ್ಯಾನ್ ಅನ್ನು ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಕಳಿಸಬಹುದು. ಸಹಿ ಮಾಡಿದ ಕಾಗದದ ಫೋಟೊ ಅಂದೆ, ಗಮನಿಸಿ. ‘2 ಲೀಟರ್ ಇಡಿ’ ಅಂತ ವೈದ್ಯರು ಟೈಪ್ ಮಾಡಿದ ಮೆಸೇಜಿನ ಸ್ಕ್ರೀನ್‌ಶಾಟ್ ಆರ್ಡರ್ ಅಲ್ಲ.

ತಾರೀಕಿಗೂ ಅರ್ಥ ಇದೆ, ಅದನ್ನು ಯಾರೂ ನೋಡುವುದಿಲ್ಲ. ನ್ಯುಮೋನಿಯಾ ಆಗಿಯೋ ಸಿಓಪಿಡಿ ಉಲ್ಬಣಿಸಿಯೋ ಆಸ್ಪತ್ರೆ ಸೇರಿ ಮನೆಗೆ ಹೊರಟಾಗ ಬರೆದ ಆಕ್ಸಿಜನ್ ಆರ್ಡರ್ ಆ ಹೊತ್ತಿನ ಸ್ಥಿತಿಗೆ ಬರೆದದ್ದು. ಎರಡು ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿ ಇನ್ನೂ ಬೇಕಾ ಅಂತ ನೋಡಬೇಕು. ಎಷ್ಟೋ ಜನರಿಗೆ ಬೇಕಾಗಿರುವುದಿಲ್ಲ. ಆದರೂ ಹಳೆ ಕಾಗದ ತೋರಿಸಿ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಲೇ ಇರುತ್ತಾರೆ. ಮಷೀನಿನ ಬಾಡಿಗೆ ಮುಂದುವರಿಸುವ ಮೊದಲು ಹೊಸ ತಾರೀಕಿನ ಆರ್ಡರ್ ಕೇಳಿ. ಬೇಡ ಅಂದರೆ ಅದನ್ನೂ ಬರೆಸಿಕೊಂಡು ಮಷೀನ್ ವಾಪಸ್ ಕೊಡಿ.