ಹೂಳು ಊರಿನದು, ಕಡತ ಇಲಾಖೆಯದು

ಕೋಲಾರದ ಕಡೆಯ ಗ್ರಾಮಸಭೆಗಳಲ್ಲಿ ಕೆರೆಯ ಮಾತು ಬಾರದೆ ಸಭೆ ಮುಗಿಯುವುದು ಅಪರೂಪ. ಹೂಳೆತ್ತಿಸಿ, ರಾಜಕಾಲುವೆ ಒತ್ತುವರಿ ಬಿಡಿಸಿ, ಜಾಲಿ ಕಡಿಸಿ. ಪಿಡಿಒ ಬರೆದುಕೊಳ್ಳುತ್ತಾರೆ. ಕ್ರಿಯಾಯೋಜನೆಯಲ್ಲಿ ಕೊನೆಗೆ ಉಳಿಯುವುದು ಮಾತ್ರ ಹೆಚ್ಚಾಗಿ ಸಿಸಿ ರಸ್ತೆ, ಚರಂಡಿ. ಪಂಚಾಯಿತಿಯವರನ್ನು ಬೈದರೆ ಸಾಲದು, ಇದರ ಬೇರು ನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತದೆ.

ಹಳೆಯ ಮೈಸೂರು ಸೀಮೆಯಲ್ಲಿ ಕೆರೆ ಕಟ್ಟಿಸಿದವರಿಗೆ, ನೋಡಿಕೊಂಡವರಿಗೆ ಕೊಡಗಿ ಜಮೀನು, ಅಂದರೆ ಕಂದಾಯ ಮಾಫಿಯ ಅಥವಾ ರಿಯಾಯಿತಿಯ ಜಮೀನು, ಸಿಗುತ್ತಿತ್ತು. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ನೀರಗಂಟಿಯ ಕೆಲಸ. ಬೇಸಿಗೆಯಲ್ಲಿ ಹೂಳು ಗಾಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಇದನ್ನೇ ಗ್ರಾಮ ಪ್ರಜಾಪ್ರಭುತ್ವ ಎಂದು ಕೊಂಡಾಡುವವರಿದ್ದಾರೆ; ನನಗೆ ಒಪ್ಪಿಗೆಯಿಲ್ಲ. ನೀರಗಂಟಿ ಬಹಳ ಕಡೆ ದಲಿತ, ತೀರ್ಮಾನ ಮಾತ್ರ ಗೌಡರ, ಶಾನುಭೋಗರ ಜಗಲಿಯಲ್ಲಿ. ಆದರೂ ಕೆರೆಯ ಖರ್ಚು, ಕೆರೆಯ ಹೊಣೆ ಎರಡೂ ಊರೊಳಗೇ ಇದ್ದವು ಎಂಬುದನ್ನು ಅಲ್ಲಗಳೆಯುವಂತಿಲ್ಲ.

1866ರಲ್ಲಿ ಮೈಸೂರಿನ ಕೆರೆಗಳನ್ನು ಪರಿಶೀಲಿಸಿದ ಬ್ರಿಟಿಷ್ ಎಂಜಿನಿಯರ್ ಮೇಜರ್ ಸ್ಯಾಂಕಿ, ಸಂಸ್ಥಾನದ ಸುಮಾರು ಶೇ 60ರಷ್ಟು ನೆಲದ ಮಳೆನೀರು ಒಂದಲ್ಲ ಒಂದು ಕೆರೆಗೆ ಸೇರುತ್ತದೆ, ಹೊಸ ಕೆರೆಗೆ ಜಾಗ ಹುಡುಕಲೂ ಜಾಣತನ ಬೇಕು ಎಂದ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುವ ಸರಣಿ ಅದು. ಮುಂದೆ ದೊಡ್ಡ ಕೆರೆಗಳು ಲೋಕೋಪಯೋಗಿ ಇಲಾಖೆಗೆ, ಚಿಕ್ಕವು ಕಂದಾಯದವರ ಸುಪರ್ದಿಗೆ ಹೋದವು. ಏರಿಗೆ ಮಣ್ಣು ಹಾಕುವ, ಹೂಳು ತೆಗೆಯುವ ಕರ್ತವ್ಯ ಮಾತ್ರ ರೈತರ ತಲೆಯ ಮೇಲೇ ಉಳಿಯಿತು. ರೈತರೇ ಪಂಚಾಯಿತಿ ಕಟ್ಟಿಕೊಂಡು ಕೆರೆ ನೋಡಿಕೊಳ್ಳಲಿ ಎಂದು 1911ರಲ್ಲಿ ಸಂಸ್ಥಾನ ಕೆರೆ ಪಂಚಾಯಿತಿ ಕಾನೂನನ್ನೂ ತಂದಿತು. ದುಡಿಮೆ ಊರಿಗೆ, ಅಧಿಕಾರ ಕಚೇರಿಗೆ ಎಂಬ ಹಂಚಿಕೆ ಶುರುವಾದದ್ದು ಆ ಕಾಲದಲ್ಲಿ. ಆಮೇಲೆ ಬಂದ ಯೋಜನೆಗಳೆಲ್ಲ ಹೆಚ್ಚುಕಡಿಮೆ ಇದೇ ಹಂಚಿಕೆಯನ್ನು ಉಳಿಸಿಕೊಂಡೇ ಬಂದವು.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಜಾತಿಯ ಹೊರೆ ಹೊತ್ತಿದ್ದ ಆ ವ್ಯವಸ್ಥೆ ಹೋಗಬೇಕಾದದ್ದೇ. ಆದರೆ ಇನ್ನು ಮುಂದೆ ತೂಬು ಎತ್ತುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಸರಿಯಾಗಿ ಕೇಳಲಿಲ್ಲ. ಕೇಳುವ ಹೊತ್ತಿಗೆ ಬೋರ್‌ವೆಲ್ ಬಂದಿತ್ತು. ಸ್ವಂತ ಬೋರ್ ಇದ್ದವನು ಕೆರೆಯ ಸಭೆಗೆ ಯಾಕೆ ಬರುತ್ತಾನೆ? ಮಳೆನೀರು ಹರಿದುಬರುವ ಮೇಲುಭಾಗದಲ್ಲಿ ನೀಲಗಿರಿ ಎದ್ದಿತು. ಬೋರ್ ಸಾವಿರ ಅಡಿ ದಾಟಿತು, ನೀರಿನಲ್ಲಿ ಫ್ಲೋರೈಡ್ ಕಾಣಿಸಿತು.

1983ರ ಪಂಚಾಯತ್ ಕಾಯ್ದೆ ಇದಕ್ಕೆ ತಿರುವು ಕೊಡಬಹುದಿತ್ತು. ರಾಮಕೃಷ್ಣ ಹೆಗಡೆ ಸಂಪುಟದ ಅಬ್ದುಲ್ ನಜೀರ್ ಸಾಬ್ ಇದರ ರೂವಾರಿ. 1987ರ ಚುನಾವಣೆಯ ನಂತರ ಜಿಲ್ಲಾ ಪರಿಷತ್ತು (ಇಂದಿನ ಜಿಲ್ಲಾ ಪಂಚಾಯಿತಿ), ಮಂಡಲ ಪಂಚಾಯಿತಿಗಳಿಗೆ ನಿಜವಾದ ಅಧಿಕಾರ ಬಂತು, ಮಹಿಳೆಯರಿಗೆ ಶೇ 25 ಮೀಸಲಾತಿಯೂ ಇತ್ತು. ಹಳ್ಳಿಹಳ್ಳಿಗೆ ಕುಡಿಯುವ ನೀರಿನ ಬೋರ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರೂ ಅವರೇ. ಆದರೆ ಕೆರೆಯ ಮಟ್ಟಿಗೆ ಗೆರೆ ಬಿದ್ದದ್ದು ಅಚ್ಚುಕಟ್ಟಿನ, ಅಂದರೆ ಕೆರೆಯ ನೀರುಣ್ಣುವ ಜಮೀನಿನ, ಅಳತೆಯ ಮೇಲೆ: 40 ಹೆಕ್ಟೇರ್‌ಗಿಂತ ಕಡಿಮೆಯಿದ್ದರೆ ಜಿಲ್ಲಾ ಪಂಚಾಯಿತಿ, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ. ನೀರು ಹೆಕ್ಟೇರ್ ಲೆಕ್ಕ ನೋಡಿ ಹರಿಯುವುದಿಲ್ಲವಲ್ಲ! ಒಂದೇ ಸರಣಿಯ ಮೂರು ಕೆರೆಗಳಿಗೆ ಎರಡು ಯಜಮಾನರಾದರು.

ವಿಶ್ವ ಬ್ಯಾಂಕ್ ಸಾಲದಲ್ಲಿ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಹೆಚ್ಚು ಪ್ರಾಮಾಣಿಕ ಪ್ರಯತ್ನ ಎಂದು ನನ್ನ ಎಣಿಕೆ. ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಊರವರು ಕೆರೆ ಬಳಕೆದಾರರ ಸಂಘ ಕಟ್ಟಿ, ಮೊದಲು ತಮ್ಮ ಯೋಜನೆ ತಾವೇ ಬರೆಯಬೇಕು, ವಂತಿಗೆಯನ್ನೂ ಕೊಡಬೇಕು. ಅಚ್ಚುಕಟ್ಟುದಾರರಷ್ಟೇ ಅಲ್ಲ, ದನ ಮೇಯಿಸುವವರು, ಮೀನು ಹಿಡಿಯುವವರು, ಜಮೀನಿಲ್ಲದವರು ಕೂಡ ಬಳಕೆದಾರರೇ ಎಂದು ಒಪ್ಪಿದ್ದು ಅದರ ದೊಡ್ಡತನ. ಅಡಚಣೆ ಬೇರೆ ಕಡೆ ಇತ್ತು. ಸಂಘ ಪಂಚಾಯಿತಿಯ ಹೊರಗೆ ನಿಂತಿತ್ತು. ಯೋಜನೆ ಮುಗಿದ ಮೇಲೆ ಹಣದ ದಾರಿಯಿಲ್ಲದೆ ಅನೇಕ ಸಂಘಗಳು ಹೆಸರಿಗಷ್ಟೇ ಉಳಿದವು.

14ನೇ ಹಣಕಾಸು ಆಯೋಗದ ಅನುದಾನ 2015ರಿಂದ ನೇರವಾಗಿ ಗ್ರಾಮ ಪಂಚಾಯಿತಿಗೆ ಬರತೊಡಗಿತು, ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಹೆಸರಿನಲ್ಲಿ ಊರೇ ತನ್ನ ಯೋಜನೆ ಬರೆಯುವ ಕ್ರಮವೂ ಬಂತು. ಆದರೆ ಆ ಯೋಜನೆ ಪಂಚಾಯಿತಿಯ ಎಲ್ಲೆಗೆ ನಿಲ್ಲುತ್ತದೆ. ಕೆರೆಯ ಕಾಲುವೆ ಪಕ್ಕದ ಪಂಚಾಯಿತಿಯಿಂದ ಬರುತ್ತದೆ.

ಕೋಲಾರದ ಕೆರೆಗಳಿಗೆ ಕೊನೆಗೆ ನೀರು ಬಂದದ್ದು ಯಾವ ಗ್ರಾಮಸಭೆಯ ಯೋಜನೆಯಿಂದಲೂ ಅಲ್ಲ. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ಪೈಪುಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ನೊರೆ ಎದ್ದಿತು, ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಆಮೇಲೆ ನೀರು ಮತ್ತೆ ಹರಿಯಿತು. ಬತ್ತಿದ ಬೋರ್‌ಗಳಲ್ಲಿ ನೀರು ಕಂಡ ರೈತರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಈ ನೀರನ್ನು ನೇರವಾಗಿ ಬೆಳೆಗೆ ಹಾಯಿಸುವಂತಿಲ್ಲ, ಇಂಗಿಸಬೇಕಷ್ಟೆ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂಬುದು ಜಿಲ್ಲೆಯ ಹೋರಾಟಗಾರರ ಬೇಡಿಕೆ. ನನ್ನದು ಅದಕ್ಕಿಂತ ಚಿಕ್ಕದು: ನೀರಿನ ಪರೀಕ್ಷಾ ವರದಿ ಆಯಾ ಕೆರೆಯ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಬರಲಿ, ಒಂದೇ ಸರಣಿಯ ಪಂಚಾಯಿತಿಗಳು ಒಟ್ಟಿಗೆ ಕೂತು ಒಂದೇ ಕ್ರಿಯಾಯೋಜನೆ ಬರೆಯಲಿ, ಅದರಂತೆ ಖರ್ಚು ಮಾಡುವ ಅಧಿಕಾರವೂ ಅವಕ್ಕೇ ಸಿಗಲಿ.